ಮಣ್ಣಿನ ಮೈದಾನದಿಂದ ನೀಲಿ ಹಾಸಿನವರೆಗೆ: ಕಿರಿಯರ ಹಾಕಿ ಮತ್ತು ಅದರ ಅಂಗಳಗಳ ಇತಿಹಾಸ



'ಮೈದಾನ' ಎಂಬುದು ನಾವು ದಿನನಿತ್ಯ ಬಳಸುವ ಮಾತು. ಉರ್ದುವಿನಲ್ಲಿಯೂ ಅದು ಮೈದಾನವೇ, ಕನ್ನಡದಲ್ಲಿಯೂ ಮೈದಾನವೇ. ಫಾರಸಿಯಿಂದ ಬಂದ ಈ ಪದ ನಮ್ಮ ಎರಡೂ ಭಾಷೆಗಳಲ್ಲಿ ಮನೆಯ ಮಗಳಂತೆ ಸೇರಿಕೊಂಡಿದೆ. ಕುಸ್ತಿ, ಪೈಲ್ವಾನ, ಉಸ್ತಾದ ಎಂಬ ಮಾತುಗಳೂ ಹಾಗೆಯೇ ಬಂದವು. ಆಟಕ್ಕೆ ಭಾಷೆಯ ಗಡಿ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಕ್ರೀಡೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ನಾಯಕರ ಹೆಸರು, ಗೆದ್ದ ಪದಕ, ಹೊಡೆದ ಗೋಲು ಇವುಗಳ ಮೂಲಕ ಓದುತ್ತೇವೆ. ಆದರೆ ಪ್ರತಿಯೊಂದು ತಂಡದ ಹಿಂದೆ ಒಂದು ನೆಲ ಇರುತ್ತದೆ. ಆ ನೆಲ ಮಣ್ಣಿನದೋ, ಹುಲ್ಲಿನದೋ, ಪ್ಲಾಸ್ಟಿಕ್ಕಿನದೋ, ಅದು ಯಾರ ಮನೆಗೆ ಹತ್ತಿರ ಇದೆ, ಅದರೊಳಗೆ ಯಾರ ಮಕ್ಕಳಿಗೆ ಪ್ರವೇಶ ಇದೆ ಎಂಬುದರ ಮೇಲೆ ತಂಡದಲ್ಲಿ ಯಾರಿರುತ್ತಾರೆ ಎಂಬುದು ತೀರ್ಮಾನವಾಗುತ್ತದೆ. ಈ ಲೇಖನದಲ್ಲಿ ನಮ್ಮ ನಾಡಿನ ಹಾಕಿ ಆಟದ, ಅದರಲ್ಲಿಯೂ ಕಿರಿಯರ ಹಾಕಿಯ ಕಥೆಯನ್ನು ಅದರ ಮೈದಾನಗಳ ಮೂಲಕ ನೋಡುವ ಪ್ರಯತ್ನ ಮಾಡಿದ್ದೇನೆ.

ಕೋಲು ಮತ್ತು ಚೆಂಡು

ಕೋಲಿನಿಂದ ಚೆಂಡನ್ನು ಹೊಡೆಯುವ ಆಟ ಮನುಷ್ಯನಿಗೆ ಹೊಸದಲ್ಲ. ಕುದುರೆಯ ಮೇಲೆ ಕುಳಿತು ಆಡುವ 'ಚೌಗಾನ್' ಇರಾನಿನಿಂದ ಹಿಂದೂಸ್ಥಾನಕ್ಕೆ ಬಂದ ಆಟ. ದೆಹಲಿಯ ಸುಲ್ತಾನ ಕುತ್ಬುದ್ದೀನ್ ಐಬಕ್ 1210ರಲ್ಲಿ ಲಾಹೋರಿನಲ್ಲಿ ಈ ಆಟ ಆಡುವಾಗಲೇ ಕುದುರೆಯಿಂದ ಬಿದ್ದು ತೀರಿಕೊಂಡದ್ದನ್ನು ನೀವು ಇತಿಹಾಸದ ಪಾಠದಲ್ಲಿ ಓದಿರುತ್ತೀರಿ. ನಮ್ಮ ಹಳ್ಳಿಗಳ ಚಿಣಿಪಣಿಯಲ್ಲಿಯೂ ಕೋಲಿನದೇ ಕೆಲಸ.

ಇಂದಿನ ಹಾಕಿಗೆ ನಿಯಮಗಳ ಚೌಕಟ್ಟು ದೊರೆತದ್ದು ಇಂಗ್ಲೆಂಡಿನಲ್ಲಿ. 1886ರಲ್ಲಿ ಅಲ್ಲಿ ಹಾಕಿ ಅಸೋಸಿಯೇಶನ್ ಸ್ಥಾಪನೆಯಾಯಿತು. ಬ್ರಿಟಿಷ್ ಸೈನಿಕರೊಂದಿಗೆ ಆಟ ಭಾರತಕ್ಕೆ ಬಂತು. ಕಲ್ಕತ್ತೆಯಲ್ಲಿ 1895ರಲ್ಲಿ ಬೈಟನ್ ಕಪ್, ಮುಂಬಯಿಯಲ್ಲಿ 1896ರಲ್ಲಿ ಆಗಾ ಖಾನ್ ಕಪ್ ಪಂದ್ಯಾವಳಿಗಳು ಆರಂಭವಾದವು. 1925ರಲ್ಲಿ ಭಾರತೀಯ ಹಾಕಿ ಫೆಡರೇಶನ್ ಹುಟ್ಟಿತು. ಮೂರೇ ವರ್ಷಗಳಲ್ಲಿ, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ, ಜೈಪಾಲ್ ಸಿಂಗ್ ಅವರ ನಾಯಕತ್ವದ ತಂಡ ಚಿನ್ನದ ಪದಕ ಗೆದ್ದಿತು. ಧ್ಯಾನ್‌ಚಂದ್ ಎಂಬ ಸಿಪಾಯಿಯ ಹೆಸರು ಜಗತ್ತಿಗೆ ತಿಳಿಯಿತು. ಅಲ್ಲಿಂದ 1980ರ ಮಾಸ್ಕೋವರೆಗೆ ಭಾರತ ಗಳಿಸಿದ ಒಲಿಂಪಿಕ್ ಹಾಕಿ ಚಿನ್ನಗಳು ಒಟ್ಟು ಎಂಟು.

ಇದೇ ಆಟಕ್ಕೆ ಚಳಿಯ ದೇಶಗಳಲ್ಲಿ ಒಬ್ಬ ತಮ್ಮನಿದ್ದಾನೆ, ಐಸ್ ಹಾಕಿ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1875ರ ಮಾರ್ಚ್ 3ರಂದು ಚಾವಣಿಯ ಕೆಳಗಿನ ಮಂಜುಗಡ್ಡೆಯ ಅಂಗಳದಲ್ಲಿ ಅದರ ಮೊದಲ ವ್ಯವಸ್ಥಿತ ಪಂದ್ಯ ನಡೆಯಿತು. ಅಲ್ಲಿನ ಸಣ್ಣ ಸಣ್ಣ ಊರುಗಳಲ್ಲಿಯೂ ಒಂದು ಜೂನಿಯರ್ ತಂಡ, ಅದಕ್ಕೊಂದು ಮಂಜಿನ ಅಂಗಳ ಇರುತ್ತದೆ. ಊರಿನ ಹೆಸರೇ ತಂಡದ ಹೆಸರು. ನಮ್ಮ ದೇಶದಲ್ಲಿಯೂ ಲಡಾಖಿನ ಲೇಹ್, ಕಾರ್ಗಿಲ್, ದ್ರಾಸ್ ಕಡೆಯ ಮಕ್ಕಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಇದನ್ನು ಆಡುತ್ತಾರೆ. ಭಾರತದ ಮಹಿಳೆಯರ ಐಸ್ ಹಾಕಿ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದದ್ದು ಅಂತಹ ಕೊಳಗಳ ಫಲ. ಕೊಳವಾಗಲಿ, ಬಯಲಾಗಲಿ, ಮಕ್ಕಳಿಗೆ ಸಿಕ್ಕ ಜಾಗವೇ ತಂಡದ ತೊಟ್ಟಿಲು ಎಂಬುದನ್ನು ತೋರಿಸಲು ಇಷ್ಟು ಹೇಳಿದೆ. ಇನ್ನು ನಮ್ಮ ನಾಡಿಗೆ ಬರೋಣ.

ದಂಡು, ರೈಲು ಮತ್ತು ಬೆಟ್ಟದ ನಾಡು

ಕರ್ನಾಟಕಕ್ಕೆ ಹಾಕಿ ಮುಖ್ಯವಾಗಿ ಎರಡು ದಾರಿಗಳಲ್ಲಿ ಬಂದಿತು. ಮೊದಲನೆಯದು ದಂಡು. ಬೆಂಗಳೂರಿನಲ್ಲಿ 1809ರಲ್ಲಿ ಬ್ರಿಟಿಷರ ದಂಡು ನೆಲೆಸಿದ ಮೇಲೆ ಅಲ್ಲಿನ ಪರೇಡ್ ಮೈದಾನಗಳೇ ಮುಂದೆ ಆಟದ ಮೈದಾನಗಳೂ ಆದವು. ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ಪಡೆಯಂತಹ ಸೈನಿಕ ತಂಡಗಳು, ದಂಡು ಪ್ರದೇಶದ ಕ್ರೈಸ್ತ ಶಾಲೆಗಳು ಈ ಆಟವನ್ನು ಬೆಳೆಸಿದವು. ಆ ಬೀದಿಗಳಲ್ಲಿದ್ದ ಮುಸ್ಲಿಂ, ತಮಿಳು, ಆಂಗ್ಲೋ ಇಂಡಿಯನ್ ಕುಟುಂಬಗಳ ಹುಡುಗರು ನೋಡುತ್ತ ನೋಡುತ್ತ ಕೋಲು ಹಿಡಿದರು.

ಎರಡನೆಯದು ರೈಲು. ರೈಲ್ವೆ ವರ್ಕ್‌ಶಾಪ್ ಬಂದ ಹುಬ್ಬಳ್ಳಿಯಂತಹ ಊರುಗಳಲ್ಲಿ ನೌಕರರ ವಸತಿ, ಅದರ ಪಕ್ಕ ಇನ್ಸ್ಟಿಟ್ಯೂಟ್, ಅದರ ಪಕ್ಕ ಮೈದಾನ ಎಂಬ ಕ್ರಮವೇ ಬೆಳೆಯಿತು. ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಗಳ ಸೆಟ್ಲ್‌ಮೆಂಟ್ ಬಡಾವಣೆಗಳು ಹಾಕಿ ಆಟಗಾರರಿಗೆ ಹೆಸರಾದವು. 'ಸೆಟ್ಲ್‌ಮೆಂಟ್' ಎಂದರೇನು ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. 1871ರಲ್ಲಿ ಬ್ರಿಟಿಷರು ತಂದ ಕಾನೂನೊಂದು ಕೆಲವು ಸಮುದಾಯಗಳನ್ನು ಇಡಿಯಾಗಿ 'ಅಪರಾಧಿ ಬುಡಕಟ್ಟು' ಎಂದು ಕರೆಯಿತು. ಆ ಜನರನ್ನು ಬೇಲಿಯೊಳಗೆ ಕೂಡಿಹಾಕಿದ ವಸಾಹತುಗಳೇ ಈ ಸೆಟ್ಲ್‌ಮೆಂಟ್‌ಗಳು. ಸ್ವಾತಂತ್ರ್ಯಾನಂತರ, 1952ರಲ್ಲಿ, ಆ ಕಾನೂನು ರದ್ದಾಯಿತು. ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹೊತ್ತ ಮನೆತನಗಳ ಮಕ್ಕಳಿಗೆ ಆಟಗಾರ ಎಂಬ ಇನ್ನೊಂದು ಹೆಸರನ್ನು ಕೊಟ್ಟದ್ದು ಈ ಹಾಕಿ. ಮೈದಾನದಲ್ಲಿ ಅಂಪೈರ್ ನಿಮ್ಮ ಜಾತಿ, ಕುಲ ಕೇಳುವುದಿಲ್ಲ.

ಇನ್ನು ಕೊಡಗಿನ ಕಥೆ. ಸೈನ್ಯದೊಂದಿಗೆ ಕೊಡಗಿನ ನಂಟು ಹಳೆಯದು. ರಜೆಯಲ್ಲಿ ಊರಿಗೆ ಬಂದ ಸೈನಿಕರ ಮೂಲಕ ಹಾಕಿ ಅಲ್ಲಿನ ಮನೆಮನೆಯ ಆಟವಾಯಿತು. ಗದ್ದೆ ಕೊಯ್ಲಾದ ಮೇಲಿನ ಬಯಲು, ಶಾಲೆಯ ಅಂಗಳ ಎಲ್ಲವೂ ಹಾಕಿ ಮೈದಾನವೇ. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು, 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರಾಗಿದ್ದರು. ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದರು. ಒಂದು ಸಣ್ಣ ಜಿಲ್ಲೆಯಿಂದ ಇಷ್ಟು ಜನ ಹೇಗೆ ಬಂದರು? ಉತ್ತರ ಬಹಳ ಸರಳ: ಅಲ್ಲಿ ಆಡದ ಮಗು ಅಪರೂಪ, ಆಡಲು ಜಾಗವಿಲ್ಲದ ಊರು ಇನ್ನೂ ಅಪರೂಪ.

ಕೆರೆಯ ಅಂಗಳದಲ್ಲಿ ಕ್ರೀಡಾಂಗಣ

ರಾಜ್ಯದ ಹಾಕಿಯ ಕೇಂದ್ರ ಮೈದಾನ ಇರುವುದು ಬೆಂಗಳೂರಿನ ಶಾಂತಿನಗರದ ಬಳಿ. ಕರ್ನಾಟಕ ರಾಜ್ಯ ಹಾಕಿ ಸಂಸ್ಥೆಯ ಈ ಕ್ರೀಡಾಂಗಣ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಹೊತ್ತಿದೆ. ಇಂದು ಅಲ್ಲಿ ನಿಂತು ನೋಡುವವರಿಗೆ ಒಂದು ಸಂಗತಿ ಹೊಳೆಯುವುದಿಲ್ಲ. ಅದು ಹಿಂದೆ ಅಕ್ಕಿತಿಮ್ಮನಹಳ್ಳಿಯ ಕೆರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದು ನಿಂತಂತೆ ಹಾಕಿ ಮೈದಾನವೂ ಕೆರೆಯ ಜಾಗದಲ್ಲಿಯೇ ಬಂದಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ನಗರ ಬೆಳೆಯುತ್ತ ಹೋದಂತೆ ಖಾಲಿ ಜಾಗ ಕಡಿಮೆಯಾಗಿ, ಆಟಕ್ಕೆ ಜಾಗ ಬೇಕೆಂದಾಗ ಕೆರೆಯನ್ನೇ ಕೊಡಬೇಕಾಯಿತು ಎಂಬುದು ಒಂದು. ಒಂದು ಸಾರ್ವಜನಿಕ ಆಸ್ತಿಯನ್ನು ಕಳೆದುಕೊಂಡೇ ಇನ್ನೊಂದನ್ನು ಪಡೆದೆವು ಎಂಬುದು ಇನ್ನೊಂದು. ಊರು ಸಣ್ಣದಿರುವಾಗಲೇ ಕೆರೆಗೆ ಕೆರೆಯ ಜಾಗ, ಆಟಕ್ಕೆ ಆಟದ ಜಾಗ ಗುರುತಿಸಿಟ್ಟರೆ ಇಂತಹ ಇಕ್ಕಟ್ಟು ಬರುವುದಿಲ್ಲ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಯಂತಹ ಬೆಳೆಯುತ್ತಿರುವ ಊರುಗಳಿಗೆ ಇದು ಅನ್ವಯಿಸುವ ಮಾತು.

ನೆಲ ಬದಲಾಯಿತು, ಆಟವೂ ಬದಲಾಯಿತು

1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ವಿರುದ್ಧ ಸೋಲಿನ ಅಂಚಿನಲ್ಲಿದ್ದಾಗ ಭೋಪಾಲದ ಅಸ್ಲಮ್ ಶೇರ್ ಖಾನ್ ಹೊಡೆದ ಸಮಬಲದ ಗೋಲು ತಂಡವನ್ನು ಉಳಿಸಿತ್ತು. ಅವರ ತಂದೆ ಅಹ್ಮದ್ ಶೇರ್ ಖಾನ್ 1936ರ ಬರ್ಲಿನ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ಆ ವಿಶ್ವಕಪ್ ನಡೆದದ್ದು ಹುಲ್ಲಿನ ಮೈದಾನದಲ್ಲಿ.

ಮರುವರ್ಷವೇ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ, ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಲಾಯಿತು. ವಿಶ್ವ ಚಾಂಪಿಯನ್ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ, ನಮ್ಮದೇ ರಾಜಧಾನಿಯಲ್ಲಿ, ಪಾಕಿಸ್ತಾನದ ಎದುರು 7-1ರಿಂದ ಸೋತದ್ದು ಹಿರಿಯರಿಗೆ ಇನ್ನೂ ನೆನಪಿದೆ.

ನೆಲ ಬದಲಾದರೆ ಇಷ್ಟೊಂದು ವ್ಯತ್ಯಾಸವೇ ಎಂದು ನೀವು ಕೇಳಬಹುದು. ಹುಲ್ಲು ಅಥವಾ ಮಣ್ಣಿನ ಮೇಲೆ ಚೆಂಡು ಪುಟಿಯುತ್ತದೆ, ದಿಕ್ಕು ತಪ್ಪುತ್ತದೆ. ಅದನ್ನು ಹತೋಟಿಯಲ್ಲಿಡಲು ಮಣಿಕಟ್ಟಿನ ಚಳಕ ಬೇಕು. ಭಾರತ, ಪಾಕಿಸ್ತಾನಗಳ ಆಟಗಾರರು ಈ ಚಳಕದಲ್ಲಿ ಪಳಗಿದವರು. ಕೃತಕ ಹಾಸಿನ ಮೇಲೆ ಚೆಂಡು ನೇರವಾಗಿ, ವೇಗವಾಗಿ ಓಡುತ್ತದೆ. ಅಲ್ಲಿ ಕಾಲಿನ ವೇಗ, ದಮ್ಮು, ದೂರದ ಪಾಸು, ಪೆನಾಲ್ಟಿ ಕಾರ್ನರ್‌ನ ಹೊಡೆತ ಇವುಗಳ ಬೆಲೆ ಹೆಚ್ಚಾಯಿತು. ಮೈದಾನದ ಅಳತೆ ಹಿಂದಿನದೇ: ಉದ್ದ 91.4 ಮೀಟರ್, ಅಗಲ 55 ಮೀಟರ್. ಗೋಲಿನ ಅಗಲವೂ ಹಿಂದಿನಂತೆ 3.66 ಮೀಟರ್. ಆದರೆ ಅದರೊಳಗೆ ನಡೆಯುವ ಆಟ ಬೇರೆಯಾಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ಖರ್ಚಿನದು. ಮಣ್ಣಿನ ಮೈದಾನಕ್ಕೆ ಬೇಕಾದದ್ದು ಒಂದು ರೋಲರ್, ಒಂದಿಷ್ಟು ಸುಣ್ಣ. ಟರ್ಫ್ ಹಾಕಲು ಕೋಟಿಗಟ್ಟಲೆ ರೂಪಾಯಿ ಬೇಕು. ಆಟಕ್ಕೆ ಮುನ್ನ ಸಾವಿರಾರು ಲೀಟರ್ ನೀರು ಚಿಮುಕಿಸಬೇಕು. ಕೆಲವು ವರ್ಷಗಳಲ್ಲಿ ಸವೆದಾಗ ಕಿತ್ತು ಹೊಸದನ್ನು ಹಾಸಬೇಕು. ಯುರೋಪಿನ ಸಣ್ಣ ದೇಶಗಳಲ್ಲಿ ಕ್ಲಬ್ಬಿಗೊಂದು ಟರ್ಫ್ ಬಂದಾಗ ನಮ್ಮಲ್ಲಿ ರಾಜ್ಯಕ್ಕೆ ಒಂದೋ ಎರಡೋ ಇದ್ದವು. ಹದಿನಾರು ವರ್ಷದವರೆಗೆ ಮಣ್ಣಿನಲ್ಲಿ ಆಡಿದ ಹುಡುಗ ಆಯ್ಕೆಯ ದಿನ ಮೊದಲ ಬಾರಿಗೆ ಟರ್ಫ್ ಮೇಲೆ ಕಾಲಿಟ್ಟರೆ ಅವನಿಗೆ ಚೆಂಡಿನ ವೇಗವೇ ಅಂದಾಜಿಗೆ ಸಿಗುವುದಿಲ್ಲ. ಅವನಲ್ಲಿ ಪ್ರತಿಭೆ ಇಲ್ಲವೆಂದಲ್ಲ, ಅವನ ಊರಿನಲ್ಲಿ ಆ ನೆಲವಿಲ್ಲ. ಆಟ ಸಣ್ಣ ಊರುಗಳ ಕೈತಪ್ಪಿದ್ದು ಹೀಗೆ.

ಕಿರಿಯರ ತಂಡದ ಏಳುಬೀಳು

ಈ ಕಷ್ಟಕ್ಕೆ ಪರಿಹಾರ ಕೆಳಗಿನಿಂದಲೇ ಬರಬೇಕಿತ್ತು. ಅಂದರೆ ಮಕ್ಕಳಿಗೆ ಸಣ್ಣ ವಯಸ್ಸಿನಲ್ಲಿಯೇ ಹೊಸ ನೆಲ, ಹೊಸ ತರಬೇತಿ ಸಿಗಬೇಕಿತ್ತು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಥಾಪನೆಯಾಯಿತು. ಬೆಂಗಳೂರಿನ ಜ್ಞಾನಭಾರತಿ ಆವರಣದ ಬಳಿ ಇರುವ ಅದರ ಕೇಂದ್ರದಲ್ಲಿ ಇಂದು ದೇಶದ ಹಿರಿಯ, ಕಿರಿಯ ಹಾಕಿ ತಂಡಗಳ ಶಿಬಿರಗಳು ನಡೆಯುತ್ತವೆ. ದೇಶದ ಯಾವ ಮೂಲೆಯ ಹುಡುಗನಾದರೂ ಭಾರತ ತಂಡಕ್ಕೆ ಬರಬೇಕಾದರೆ ಕರ್ನಾಟಕದ ನೀರು ಕುಡಿಯಲೇಬೇಕು ಎನ್ನಬಹುದು.

21 ವರ್ಷದೊಳಗಿನವರ ಜೂನಿಯರ್ ವಿಶ್ವಕಪ್ ಆರಂಭವಾದದ್ದು 1979ರಲ್ಲಿ, ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ. ಮೊದಲ ಕಪ್ ಪಾಕಿಸ್ತಾನದ ಪಾಲಾಯಿತು. ಬನಾರಸ್‌ನ ಮೊಹಮ್ಮದ್ ಶಾಹಿದ್ ಎಂಬ ತರುಣ ಭಾರತದ ಪರ ಮೊದಲು ಆಡಿದ್ದು ಅಲ್ಲಿಯೇ. ಮರುವರ್ಷ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಅವರ ಡ್ರಿಬ್ಲಿಂಗ್ ನೋಡಲೆಂದೇ ಜನ ಮೈದಾನಕ್ಕೆ ಬರುತ್ತಿದ್ದರು. 2016ರಲ್ಲಿ ಅವರು ನಿಧನರಾದರು.

1982ರಿಂದ 1993ರವರೆಗಿನ ನಾಲ್ಕು ಜೂನಿಯರ್ ವಿಶ್ವಕಪ್‌ಗಳನ್ನು ಜರ್ಮನಿಯೇ ಗೆದ್ದಿತು. 1997ರಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಭಾರತ ಫೈನಲ್ ತಲುಪಿ ಆಸ್ಟ್ರೇಲಿಯಾಕ್ಕೆ ಸೋತಿತು. 2001ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಗಗನ್ ಅಜಿತ್ ಸಿಂಗ್ ನಾಯಕತ್ವದ ತಂಡ ಅರ್ಜೆಂಟೀನಾವನ್ನು 6-1ರಿಂದ ಮಣಿಸಿ ಕಪ್ ತಂದಿತು. ಆ ತಂಡದಲ್ಲಿ ಕೊಡಗಿನ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಇದ್ದರು. ಮುಂದೆ ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದರು.

ನಂತರ ಮತ್ತೆ ಇಳಿಜಾರು. 2009ರಲ್ಲಿ ಒಂಬತ್ತನೆಯ ಸ್ಥಾನ, 2013ರಲ್ಲಿ ದೆಹಲಿಯಲ್ಲಿಯೇ ನಡೆದ ಕೂಟದಲ್ಲಿ ಹತ್ತನೆಯ ಸ್ಥಾನ. ಆದರೆ ಅದೇ 2013ರಲ್ಲಿ ಜರ್ಮನಿಯ ಮಾಂಕೆನ್‌ಗ್ಲಾಡ್‌ಬಾಕ್‌ನಲ್ಲಿ ನಮ್ಮ ಬಾಲಕಿಯರ ತಂಡ ಇಂಗ್ಲೆಂಡನ್ನು ಸೋಲಿಸಿ ಕಂಚು ಗೆದ್ದಿತು. ಬಾಲಕಿಯರು ದಾರಿ ತೋರಿಸಿದ ಮೂರು ವರ್ಷಗಳ ನಂತರ, 2016ರ ಡಿಸೆಂಬರ್ 18ರಂದು, ಲಕ್ನೋದ ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣದಲ್ಲಿ ಬಾಲಕರ ತಂಡ ಬೆಲ್ಜಿಯಂ ತಂಡವನ್ನು 2-1ರಿಂದ ಸೋಲಿಸಿ ಎರಡನೆಯ ಬಾರಿ ವಿಶ್ವಕಪ್ ಎತ್ತಿ ಹಿಡಿಯಿತು. ನಾಯಕ ಹರ್ಜೀತ್ ಸಿಂಗ್ ಪಂಜಾಬಿನ ಲಾರಿ ಚಾಲಕರೊಬ್ಬರ ಮಗ. ತರಬೇತುದಾರರು ಹರೇಂದ್ರ ಸಿಂಗ್.

ಆಮೇಲೆ 2021ರಲ್ಲಿ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ, 2023ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. 2025ರಲ್ಲಿ ಚೆನ್ನೈ ಮತ್ತು ಮಧುರೈ ನಗರಗಳಲ್ಲಿ ನಡೆದ ಕೂಟದಲ್ಲಿ ಮೊದಲ ಬಾರಿಗೆ 24 ತಂಡಗಳು ಆಡಿದವು. ಭಾರತ ಅರ್ಜೆಂಟೀನಾವನ್ನು 4-2ರಿಂದ ಸೋಲಿಸಿ ಕಂಚು ಗಳಿಸಿತು. ಈ ಊರುಗಳ ಹೆಸರನ್ನು ಗಮನಿಸಿರಿ. ಲಕ್ನೋ, ಭುವನೇಶ್ವರ, ಚೆನ್ನೈ, ಮಧುರೈ. ಒಂದು ಕಾಲಕ್ಕೆ ಯುರೋಪಿನಲ್ಲಿಯೇ ಕಾಣಬೇಕಿದ್ದ ನೀಲಿ ಹಾಸು ಈಗ ನಮ್ಮ ದೇಶದ ಊರುಗಳಿಗೆ ಬಂದಿದೆ. ಅದು ಬಂದ ಕಡೆ ತಂಡಗಳೂ ಎದ್ದು ನಿಲ್ಲುತ್ತಿವೆ. ಒಡಿಶಾ ರಾಜ್ಯ ಇದಕ್ಕೆ ಒಳ್ಳೆಯ ಉದಾಹರಣೆ.

ನಮ್ಮ ರಾಜ್ಯದ ಲೆಕ್ಕ

ಈಗ ಸ್ವಲ್ಪ ಕಹಿಯಾದ ಮಾತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತ ತಂಡದಲ್ಲಿ ಕರ್ನಾಟಕದ ನಾಲ್ವರಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನೀಲ್, ಎಸ್.ಕೆ. ಉತ್ತಪ್ಪ ಮತ್ತು ನಿಕ್ಕಿನ್ ತಿಮ್ಮಯ್ಯ. ಆ ನಂತರದ ಟೋಕಿಯೊ ಮತ್ತು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪುರುಷರು ಕಂಚು ಗೆದ್ದರು. ದೇಶಕ್ಕೆ ಸಂಭ್ರಮದ ಕ್ಷಣ ಅದು. ಆದರೆ ಆ ಎರಡೂ ತಂಡಗಳಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. ನಾಲ್ಕರಿಂದ ಸೊನ್ನೆಗೆ ಇಳಿಯಲು ಐದೇ ವರ್ಷ ಸಾಕಾಯಿತು.

ಕೊಡಗಿನಲ್ಲಿ ಆಟದ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಆಗ ಆಡಿದ ಕುಟುಂಬಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ ಆಡಿದ ಕುಟುಂಬಗಳು 360. ಪ್ರತಿವರ್ಷ ಒಂದು ಕುಟುಂಬ ಹಬ್ಬದ ಹೊಣೆ ಹೊರುತ್ತದೆ, ಕಪ್‌ಗೆ ಆ ಮನೆತನದ ಹೆಸರು. ಅಜ್ಜ, ಮೊಮ್ಮಗ, ಸೊಸೆ, ಮಗಳು ಒಂದೇ ತಂಡದಲ್ಲಿ ಆಡುವ ಇಂತಹ ಪಂದ್ಯಾವಳಿ ಜಗತ್ತಿನಲ್ಲಿಯೇ ಅಪರೂಪ. ಸರ್ಕಾರದ ಆದೇಶಕ್ಕೆ ಕಾಯದೆ ಒಂದು ಸಮುದಾಯ ತಾನಾಗಿ ಕಟ್ಟಿದ ವ್ಯವಸ್ಥೆ ಇದು. ಸಮುದಾಯದ ಸಂಸ್ಥೆಗಳನ್ನು ನಡೆಸುವ ನಾವೆಲ್ಲ ಇದನ್ನು ಗಮನವಿಟ್ಟು ನೋಡಬೇಕು.

ಹಬ್ಬದ ಜೊತೆಗೆ ಶಾಲೆಯೂ ಬೇಕು. ಕೊಡಗಿನ ಕೂಡಿಗೆಯಲ್ಲಿ ಸರ್ಕಾರಿ ಕ್ರೀಡಾ ಶಾಲೆ ಇದೆ. ಮಡಿಕೇರಿಯಲ್ಲಿ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ರಾಜ್ಯದ ಹಲವು ಕಡೆ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ. ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ಓದು, ತರಬೇತಿ ಎಲ್ಲವೂ ಅಲ್ಲಿ ಉಚಿತ. ಸೋಮವಾರಪೇಟೆಯ ಬಡ ಮನೆಯಲ್ಲಿ ಬೆಳೆದ ಎಸ್.ವಿ. ಸುನೀಲ್ ಆಟ ಕಲಿಯುವಾಗ ಸ್ಟಿಕ್ ಕೊಳ್ಳಲು ಹಣವಿಲ್ಲದೆ ಬಿದಿರಿನ ಕೋಲಿನಲ್ಲಿ ಆಡಿದವರು. ಅವರು ಎರಡು ಒಲಿಂಪಿಕ್ಸ್ ಆಡಿದರು. ಬಿದಿರಿನ ಕೋಲು ಅವರನ್ನು ಮೈದಾನಕ್ಕೆ ತಂದಿತು ನಿಜ, ಆದರೆ ಅಲ್ಲಿಂದ ಮುಂದೆ ತರಬೇತಿಯ ವ್ಯವಸ್ಥೆಯೊಂದು ಅವರನ್ನು ಕೈಹಿಡಿದು ನಡೆಸದಿದ್ದರೆ ದಾರಿ ಅಲ್ಲಿಗೇ ಮುಗಿಯುತ್ತಿತ್ತು.

ನಮ್ಮಂತಹ ಮನೆಗಳ ಮಕ್ಕಳು

ಓದುವ ಮಕ್ಕಳೇ, ವಿಶೇಷವಾಗಿ ಹೆಣ್ಣುಮಕ್ಕಳೇ, ಈ ಭಾಗವನ್ನು ನೀವು ಗಮನವಿಟ್ಟು ಓದಬೇಕು.

ಲಕ್ನೋದಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಕುಟುಂಬದ ಮಗಳು ಮುಮ್ತಾಜ್ ಖಾನ್. ಶಾಲೆಯಲ್ಲಿದ್ದಾಗ ಅವಳ ಓಟದ ವೇಗ ಕಂಡು ತರಬೇತುದಾರರು ಹಾಕಿಗೆ ಕರೆತಂದರು. ದಕ್ಷಿಣ ಆಫ್ರಿಕಾದ ಪೊಚೆಫ್‌ಸ್ಟ್ರೂಮ್‌ನಲ್ಲಿ 2022ರ ಏಪ್ರಿಲ್‌ನಲ್ಲಿ ನಡೆದ ಬಾಲಕಿಯರ ಜೂನಿಯರ್ ವಿಶ್ವಕಪ್‌ನಲ್ಲಿ ಅವಳು 8 ಗೋಲು ಹೊಡೆದಳು. ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ವರ್ಷ ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ ಅವಳನ್ನು ಜಗತ್ತಿನ ಉದಯೋನ್ಮುಖ ಆಟಗಾರ್ತಿ ಎಂದು ಗೌರವಿಸಿತು. ಅದೇ ಲಕ್ನೋದ ಆಮಿರ್ ಅಲಿ, ದ್ವಿಚಕ್ರ ವಾಹನ ರಿಪೇರಿ ಮಾಡುವವರ ಮಗ, 2025ರಲ್ಲಿ ಕಂಚು ಗೆದ್ದ ಜೂನಿಯರ್ ತಂಡದ ರಕ್ಷಣಾ ಆಟಗಾರ. ನಮ್ಮ ಬೆಂಗಳೂರಿನ ಮೊಹಮ್ಮದ್ ರಾಹೀಲ್ 2024ರ ಜನವರಿಯಲ್ಲಿ ಓಮಾನ್‌ನ ಮಸ್ಕತ್‌ನಲ್ಲಿ ನಡೆದ ಐವರ ಹಾಕಿ ವಿಶ್ವಕಪ್‌ನಲ್ಲಿ ಗೋಲುಗಳ ಸುರಿಮಳೆಗೈದು ಹೆಸರು ಮಾಡಿದರು.

ತರಕಾರಿ ಗಾಡಿ, ಗ್ಯಾರೇಜು, ಹಮಾಲಿ, ಹತ್ತಿ ಅಡತಿ, ಮೆಣಸಿನಕಾಯಿ ಚೀಲ ಇವು ನಮಗೆ ಹೊಸವಲ್ಲ. ನಮ್ಮ ಓದುಗರಲ್ಲಿ ಅನೇಕರ ಮನೆಯ ಅನ್ನ ಇವುಗಳಿಂದಲೇ ಬರುತ್ತದೆ. ಹಾಗಾದರೆ ಲಕ್ನೋದ ಆ ಮನೆಗಳಿಗೂ ನಮ್ಮ ಮನೆಗಳಿಗೂ ಇರುವ ವ್ಯತ್ಯಾಸವೇನು? ಅಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮೈದಾನವಿತ್ತು. ಮಕ್ಕಳ ಓಟವನ್ನು ಕಣ್ಣಿಟ್ಟು ನೋಡುವ ಒಬ್ಬ ಶಿಕ್ಷಕರಿದ್ದರು. ಮನೆಯವರು ಕೊನೆಗೆ 'ಆಯಿತು, ಹೋಗು' ಎಂದರು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಮುಮ್ತಾಜ್ ಇರುತ್ತಿರಲಿಲ್ಲ.

ಭಾರತ ತಂಡದ ಮಾಜಿ ನಾಯಕ ಜೂಡ್ ಫೆಲಿಕ್ಸ್ 2009ರಲ್ಲಿ ಬೆಂಗಳೂರಿನ ಸೇಂಟ್ ಮೇರಿಸ್ ಅನಾಥಾಲಯದ ಮಕ್ಕಳಿಗಾಗಿ ಹಾಕಿ ಅಕಾಡೆಮಿ ಆರಂಭಿಸಿದರು. ಅಲ್ಲಿನ ಮಕ್ಕಳೆಲ್ಲ ಒಲಿಂಪಿಕ್ಸ್‌ಗೆ ಹೋಗುತ್ತಾರೆಂದಲ್ಲ. ಹೊತ್ತಿಗೆ ಸರಿಯಾಗಿ ಏಳುವುದು, ಸೋತಾಗ ಎದುರಾಳಿಯ ಕೈಕುಲುಕುವುದು, ಹನ್ನೊಂದು ಜನರಲ್ಲಿ ಒಬ್ಬನಾಗಿ ಇರುವುದು, ಇಂತಹ ಶಿಸ್ತು ಅವರಿಗೆ ಸಿಗುತ್ತದೆ. ತರಗತಿಯಲ್ಲಿ ನಾವು ಶಿಕ್ಷಕರು ಪಾಠ ಹೇಳಿ ಕಲಿಸಲಾರದ್ದನ್ನು ಮೈದಾನ ಕಲಿಸುತ್ತದೆ.

ನಾವು ಮಾಡಬಹುದಾದದ್ದು

'ನಮ್ಮ ಮಕ್ಕಳು ಓದಲಿ ಸಾಕು, ಆಟ ಹೊಟ್ಟೆ ತುಂಬಿಸುವುದೇ?' ಎಂದು ಪಾಲಕರು ಕೇಳುವುದುಂಟು. ಈ ಪ್ರಶ್ನೆ ಬಡತನದಿಂದ ಬಂದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಎಸ್.ಎಸ್.ಎಲ್.ಸಿ. ಪಾಸಾಗದ ಮಗುವಿಗೆ ಮುಂದಿನ ದಾರಿ ಕಠಿಣ ಎಂಬುದೂ ಸತ್ಯ. ಆದರೆ ಓದು ಮತ್ತು ಆಟ ಸವತಿಯರಲ್ಲ. ರೈಲ್ವೆ, ಸೈನ್ಯ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾದಲ್ಲಿ ನೇಮಕಾತಿ ನಡೆಯುತ್ತದೆ. ದೈಹಿಕ ಶಿಕ್ಷಣದಲ್ಲಿ ಬಿ.ಪಿ.ಎಡ್. ಮಾಡಿದವರಿಗೆ ಶಿಕ್ಷಕ ವೃತ್ತಿಯ ಬಾಗಿಲಿದೆ. ಸಂಜೆ ಒಂದು ತಾಸು ಮೈದಾನದಲ್ಲಿ ಬೆವರಿದ ಮಗು ಮೊಬೈಲಿನ ಮುಂದೆ ಕುಳಿತ ಮಗುವಿಗಿಂತ ಓದಿನಲ್ಲಿ ಹಿಂದೆ ಬೀಳುವುದನ್ನು ನಾನಂತೂ ಕಂಡಿಲ್ಲ.

ಶಾಲಾ ಕ್ರೀಡಾಕೂಟದ ಏಣಿ ನಮ್ಮ ಊರಿನಿಂದಲೇ ಆರಂಭವಾಗುತ್ತದೆ. ವಲಯ, ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ, ನಂತರ ರಾಷ್ಟ್ರಮಟ್ಟ. ಈ ಏಣಿಯ ಮೊದಲ ಮೆಟ್ಟಿಲು ಹತ್ತಲು ಟರ್ಫ್ ಬೇಕಿಲ್ಲ, ಸಮತಟ್ಟಾದ ಮಣ್ಣಿನ ನೆಲ ಸಾಕು. ಹಾವೇರಿಯಲ್ಲಿ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣವಿದೆ. ಉತ್ತರಕ್ಕೆ ರೈಲು ಹತ್ತಿದರೆ ಹುಬ್ಬಳ್ಳಿ, ಅಲ್ಲಿಂದ ಮುಂದೆ ಗದಗ, ಇವು ಹಾಕಿಯ ಊರುಗಳು. ದಾರಿ ದೂರವಿಲ್ಲ.

ಸಂಘದ ಸದಸ್ಯರ ಮುಂದೆ ನನ್ನ ಮನವಿ ನಾಲ್ಕು ಮಾತುಗಳಲ್ಲಿ ಮುಗಿಯುತ್ತದೆ. ಮೊದಲನೆಯದಾಗಿ, ಶಾಲೆಗಳಿಗೆ ಹೊಸ ಕೊಠಡಿ ಕಟ್ಟುವಾಗ ಆಟದ ಅಂಗಳವನ್ನು ನುಂಗದಂತೆ ನಕ್ಷೆ ಮಾಡಿಸೋಣ. ಕೊಠಡಿಯ ಮೇಲೆ ಕೊಠಡಿ ಕಟ್ಟಬಹುದು, ಮೈದಾನದ ಮೇಲೆ ಮೈದಾನ ಕಟ್ಟಲಾಗದು. ಎರಡನೆಯದಾಗಿ, ಹನ್ನೆರಡು ಹಾಕಿ ಸ್ಟಿಕ್, ಕೆಲವು ಚೆಂಡು, ಗೋಲ್ ಕೀಪರ್‌ಗೆ ಒಂದು ಜೊತೆ ಪ್ಯಾಡ್ ಕೊಡಿಸಲು ದಾನಿಗಳು ಮುಂದೆ ಬರಲಿ. ಮೂರನೆಯದಾಗಿ, ಕ್ರೀಡಾ ವಸತಿ ನಿಲಯಗಳ ಆಯ್ಕೆಯ ಪ್ರಕಟಣೆ ಬಂದಾಗ ಅದು ಉರ್ದು ಶಾಲೆಗಳ ಮಕ್ಕಳಿಗೂ ಸಕಾಲದಲ್ಲಿ ತಲುಪುವಂತೆ ನೋಡಿಕೊಳ್ಳೋಣ. ಅರ್ಜಿಯ ಕೊನೆಯ ದಿನ ಮುಗಿದ ಮೇಲೆ ತಿಳಿದ ಸುದ್ದಿಯಿಂದ ಯಾರಿಗೂ ಲಾಭವಿಲ್ಲ. ನಾಲ್ಕನೆಯದಾಗಿ, ಹೆಣ್ಣುಮಕ್ಕಳಿಗೆ ಆಡಲು ಪ್ರತ್ಯೇಕ ಸಮಯ, ಸುರಕ್ಷಿತ ಸ್ಥಳ, ಸಾಧ್ಯವಾದರೆ ಮಹಿಳಾ ದೈಹಿಕ ಶಿಕ್ಷಕಿಯನ್ನು ಒದಗಿಸೋಣ. ಪಾಲಕರ ಅರ್ಧ ಚಿಂತೆ ಅಲ್ಲಿಗೇ ತೀರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಕೆಲಸ ಹೇಳುತ್ತೇನೆ. ನಿಮ್ಮ ಓಣಿಯಲ್ಲಿ, ನಿಮ್ಮ ಊರಿನಲ್ಲಿ ಮೂವತ್ತು ವರ್ಷಗಳ ಹಿಂದೆ ಮಕ್ಕಳು ಎಲ್ಲೆಲ್ಲಿ ಆಡುತ್ತಿದ್ದರು ಎಂದು ಅಬ್ಬಾಜಾನ್‌ರನ್ನು, ದಾದಾಜಾನ್‌ರನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ. ಆ ಜಾಗಗಳಲ್ಲಿ ಈಗ ಏನಿದೆ ಎಂದು ಹೋಗಿ ನೋಡಿರಿ. ಇತಿಹಾಸ ಎಂದರೆ ದೂರದ ಸುಲ್ತಾನರ ಕಥೆ ಮಾತ್ರವಲ್ಲ, ನಿಮ್ಮ ಊರಿನ ಒಂದು ಬಯಲಿಗೂ ಇತಿಹಾಸವಿದೆ. ಪಟ್ಟಿ ಸಿದ್ಧವಾದ ಮೇಲೆ ಇನ್ನೂ ಉಳಿದಿರುವ ಜಾಗಗಳ ಕೆಳಗೆ ಒಂದು ಗೆರೆ ಎಳೆಯಿರಿ. ಮುಂದಿನ ತಂಡ ಹುಟ್ಟಬೇಕಾದದ್ದು ಅಲ್ಲಿಯೇ. ಅವುಗಳನ್ನು ಉಳಿಸಿಕೊಳ್ಳುವ ಹೊಣೆ ಹಿರಿಯರದು, ಅಲ್ಲಿ ಆಡುವ ಹಕ್ಕು ನಿಮ್ಮದು.